ಬಿಡತಕ್ಕದ್ದು

ನ್ಯಾಯ ಎಂದರೇನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಮಾಡು ಎಂದು ಯಾರಾದರೂ ನನಗೆ ಹೇಳುವವರೆಗೆ. ಪಕ್ಕದ ಮನೆಯ ಅಣ್ಣತಮ್ಮಂದಿರ ಪಾಲು, ಅಮಲ್ದಾರರ ಕಚೇರಿಯ ತೀರ್ಪು, ಯುದ್ಧದಲ್ಲಿ ಯಾರ ಕಡೆ ಧರ್ಮವಿದೆ ಎಂಬ ಪ್ರಶ್ನೆ, ಎಲ್ಲಕ್ಕೂ ನನ್ನಲ್ಲಿ ಥಟ್ಟನೆ ಉತ್ತರವಿರುತ್ತಿತ್ತು. ಹೋಟೆಲಿನ ಜಗುಲಿಯ ಮೇಲೆ ಕುಳಿತು ಅರ್ಧ ಲೋಟ ಕಾಫಿ ಮುಗಿಯುವುದರೊಳಗೆ ನಾನು ಇತ್ಯರ್ಥ ಮಾಡದ ವ್ಯಾಜ್ಯ ಮಧುಗಿರಿಯಲ್ಲಿ ಇರಲಿಲ್ಲ. ಆದರೆ ಮನೆಯಲ್ಲಿ ಒಂದು ದಾಳಿಂಬೆ ಹಣ್ಣನ್ನು ನಮ್ಮ ಮೂರು ಮಕ್ಕಳಿಗೆ ಹಂಚುವ ಸಂದರ್ಭ ಬಂದರೆ ಮಾತ್ರ ನನಗೆ ಇದ್ದಕ್ಕಿದ್ದಂತೆ ಹಿತ್ತಲಲ್ಲಿ ಕೆಲಸ ನೆನಪಾಗುತ್ತಿತ್ತು. ಒಂದು ಸಲ ಧೈರ್ಯ ಮಾಡಿ ಹಂಚಿದೆ. ಯಾರಿಗೂ ಅನ್ಯಾಯವಾಗಬಾರದೆಂದು ಕಾಳುಗಳನ್ನು ಬಿಡಿಸಿ, ತಟ್ಟೆಗೆ ಹಾಕಿ, ಎಣಿಸಿ, ಮೂರು ಪಾಲು ಮಾಡಿದೆ. ಒಂದು ಕಾಳು ಹೆಚ್ಚಾಯಿತು. ಅದನ್ನು ನಾನೇ ಬಾಯಿಗೆ ಹಾಕಿಕೊಂಡೆ. ಮೂರೂ ಮಕ್ಕಳು ಒಟ್ಟಿಗೆ ಅತ್ತವು. ಮರುವಾರ ನಮ್ಮ ಮನೆಯಾಕೆ ಒಲೆಯ ಮುಂದೆ ಕೂತವಳು ಕೂತಂತೆಯೇ ಇನ್ನೊಂದು ಹಣ್ಣನ್ನು ಒಡೆದು, ನೋಡದೆ ಹಿಂದಕ್ಕೆ ಕೈಚಾಚಿ ಮೂರು ಹೋಳು ಕೊಟ್ಟಳು. ಒಂದು ಹೋಳು ದೊಡ್ಡದು, ಒಂದು ಚಿಕ್ಕದು, ಒಂದರಲ್ಲಿ ಬರೀ ಸಿಪ್ಪೆ. ಯಾರೂ ಚಕಾರವೆತ್ತಲಿಲ್ಲ. ಎಣಿಸಿ ಕೊಟ್ಟರೆ ಅಳುವ ಮಕ್ಕಳು ಕಣ್ಣುಮುಚ್ಚಿ ಕೊಟ್ಟರೆ ಯಾಕೆ ಸುಮ್ಮನಿರುತ್ತವೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಇಂಥ ನನ್ನ ಪಾಲಿಗೆ, ಮೂವರು ಬೆಳೆದ ಗಂಡಸರ ಅನ್ನದ ವಿಷಯದಲ್ಲಿ ನ್ಯಾಯ ಮಾಡುವ ಕೆಲಸ ಬಂತು.

ನಾನು ಆಗ ಮಧುಗಿರಿಯ ಒಂದು ಮೋಟಾರ್ ಸರ್ವೀಸಿನಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದೆ. ಸರ್ವೀಸಿಗೆ ಯಾವುದೋ ದೇವರ ಹೆಸರಿಟ್ಟಿದ್ದರು. ಬಿಸಿಲಿಗೆ ಬಣ್ಣ ಉದುರಿ ಉದುರಿ ಮೋಟಾರಿನ ಹಣೆಯ ಮೇಲೆ ಉಳಿದದ್ದು ‘ಪ್ರಸನ್ನ’ ಎಂಬ ಕೊನೆಯ ಮಾತು ಮಾತ್ರ. ಹಾಗಾಗಿ ಜನ ಅದನ್ನು ಪ್ರಸನ್ನ ಮೋಟಾರು ಎನ್ನುತ್ತಿದ್ದರು. ಅದರಲ್ಲಿ ಕೂತು ಪ್ರಸನ್ನವಾಗಿ ಇಳಿದವರನ್ನು ನಾನು ಕಂಡಿಲ್ಲ. ಮೂರು ಮೋಟಾರುಗಳು: ಒಂದು ಬಡವನಹಳ್ಳಿಯ ಮೇಲೆ ಸಿರಾಕ್ಕೆ, ಒಂದು ಕೊರಟಗೆರೆಗೆ, ಒಂದು ಪಾವಗಡಕ್ಕೆ. ಯುದ್ಧ ಶುರುವಾದ ಮೇಲೆ ಪೆಟ್ರೋಲು ಕಣ್ಣಿಗೆ ಬೀಳದಂತಾಗಿ, ಇದ್ದಿಲ ಹೊಗೆಯಿಂದಲೇ ಓಡಲೆಂದು ಮೋಟಾರಿನ ಬೆನ್ನಿಗೆ ಒಂದು ಇದ್ದಿಲ ಒಲೆ ಕಟ್ಟಿದರು. ಬೆಳಿಗ್ಗೆ ಎದ್ದು ಅದಕ್ಕೆ ಬೆಂಕಿ ಹಾಕಿ, ಕೈಯಿಂದ ಗಾಳಿ ತಿರುಗಿಸಿ, ಹೊಗೆ ಕುಡಿದು, ದೇವರನ್ನು ನೆನೆದರೆ ಮೋಟಾರು ಹೊರಡುತ್ತಿತ್ತು. ಏರು ಬಂದಾಗ ಪ್ರಯಾಣಿಕರು ಇಳಿದು ನಡೆಯಬೇಕು, ಇನ್ನೂ ಏರು ಬಂದರೆ ತಳ್ಳಬೇಕು. ಪಾವಗಡಕ್ಕೆ ಹೋಗುವ ಒಬ್ಬ ಮುದುಕರು ಒಮ್ಮೆ ನನ್ನನ್ನು ಕೇಳಿದರು, ನಾವು ಮೋಟಾರನ್ನು ಕರೆದುಕೊಂಡು ಹೋಗುತ್ತಿದ್ದೇವೋ ಅದು ನಮ್ಮನ್ನು ಕರೆದುಕೊಂಡು ಹೋಗುತ್ತಿದೆಯೋ ಎಂದು. ನಾನು ವಿಚಾರಿಸಿ ಹೇಳುತ್ತೇನೆ ಎಂದಿದ್ದೆ.

ಆಮೇಲೆ ಟೈರುಗಳೂ ಸಿಕ್ಕದಾದವು. ನಮ್ಮ ಯಜಮಾನರು ಗುರುಸಿದ್ದಪ್ಪನವರು ಮೂರು ದಿನ ಯೋಚಿಸಿ, ಕೊರಟಗೆರೆ ಮೋಟಾರಿನ ಟೈರುಗಳನ್ನು ಬಿಚ್ಚಿ ಮಿಕ್ಕೆರಡಕ್ಕೆ ಹಾಕಿಸಿ, ಅದನ್ನು ನಾಲ್ಕು ಚಪ್ಪಡಿ ಕಲ್ಲುಗಳ ಮೇಲೆ ಕೂರಿಸಿದರು. ಮೋಟಾರು ಕಲ್ಲಿನ ಮೇಲೆ ಕೂತಿತು, ಸರಿ. ಅದರ ಜನ ಎಲ್ಲಿ ಕೂರಬೇಕು? ಡ್ರೈವರು ಜಾಣ, ಮಿಲಿಟರಿಯಲ್ಲಿ ಡ್ರೈವರುಗಳು ಬೇಕಂತೆ ಎಂದು ಕೇಳಿದವನೇ ಟ್ರಂಕು ಹೊತ್ತು ಹೊರಟುಹೋದ. ಉಳಿದದ್ದು ಕಂಡಕ್ಟರ ವಿಷಯ. ಎರಡು ಮೋಟಾರು, ಮೂವರು ಕಂಡಕ್ಟರು. ಕೊರಟಗೆರೆಯ ಮೋಟಾರಿನಲ್ಲಿದ್ದ ಖಾದರ್ ಸಾಬಿಯನ್ನೇ ಕಳಿಸಿದರೆ ಮುಗಿಯಿತಲ್ಲ ಎಂದು ನಾನೆಂದೆ. ಯಜಮಾನರು ಹುಬ್ಬು ಗಂಟಿಕ್ಕಿ, ಮೋಟಾರಿಗೆ ಟೈರಿಲ್ಲದ್ದು ಅವನ ತಪ್ಪೇ ಎಂದರು. ಅದು ನನಗೆ ಹೊಳೆದಿರಲಿಲ್ಲ. ಅವರು ಬಹಳ ಮೆತ್ತನೆಯ ಮನುಷ್ಯರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದರೆ ನೊಣವನ್ನೂ ಕೈಬೀಸಿ ಓಡಿಸದೆ, ಎದ್ದು ತಾವೇ ಇನ್ನೊಂದು ಕುರ್ಚಿಗೆ ಹೋಗುವವರು. ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಗೋಡೆಯ ಕಡೆ ನೋಡುತ್ತ ಹೇಳಿದರು:

“ಒಬ್ಬರನ್ನ ಬಿಡಬೇಕಾಗ್ತದೆ ರೈಟ್ರೇ. ನನ್ನ ಕೈಲಿ ಆಗಲ್ಲ, ಮೂರು ಜನದ ಮುಖಾನೂ ನಂಗೆ ಒಂದೇ ಥರ ಕಾಣ್ತದೆ. ನೀವು ಓದಿದೋರು. ನ್ಯಾಯವಾಗಿ ನೋಡಿ, ಒಂದು ಚೀಟೀಲಿ ಬರ್ದು ಕೊಟ್ಬುಡಿ.”

ಓದಿದವರು ಎಂದು ಅವರು ಹೇಳಿದ್ದೇ ನನ್ನನ್ನು ಕೆಡಿಸಿತು. ಸರ್ವೀಸಿಗೆ ಬರುವ ಮೊದಲು ನಾನು ತಾಲ್ಲೂಕು ಕಚೇರಿಯಲ್ಲಿ ನಾಲ್ಕು ವರ್ಷ ನಕಲು ಬರೆಯುವ ಗುಮಾಸ್ತನಾಗಿದ್ದೆ. ಅಲ್ಲಿ ನಾನು ಕಲಿತ ವಿದ್ಯೆ ಒಂದೇ: ಎಷ್ಟು ಬರೆದರೂ ಬರೆದವನ ಮೇಲೆ ಏನೂ ಬರದಂತೆ ಬರೆಯುವುದು. ‘ಮಾಡಿ’ ಎಂದು ಯಾರೂ ಬರೆಯುತ್ತಿರಲಿಲ್ಲ, ‘ಮಾಡತಕ್ಕದ್ದು’ ಎಂದು ಬರೆಯುತ್ತಿದ್ದರು. ಮಾಡುವವನು ಯಾರು, ಮಾಡಿಸುವವನು ಯಾರು ಎಂದು ಹುಡುಕುತ್ತ ಕಾಗದ ಕೊರಟಗೆರೆ, ಸಿರಾ, ಪಾವಗಡ ಎಲ್ಲ ಸುತ್ತಿ ಬರುವುದರೊಳಗೆ ಅರ್ಜಿ ಕೊಟ್ಟವನೇ ಅದನ್ನು ಮರೆತಿರುತ್ತಿದ್ದ. ಆ ‘ತಕ್ಕದ್ದು’ ನನ್ನ ಬೆರಳಿಗೆ ಅಂಟಿಕೊಂಡಿತ್ತು. ಮಾವನ ಮನೆಗೆ ಬರೆದ ಕಾಗದದಲ್ಲೂ ‘ಉಪ್ಪಿನಕಾಯಿ ಕಳಿಸತಕ್ಕದ್ದು’ ಎಂದು ಬರೆದು ನಮ್ಮತ್ತೆಯವರ ಸಿಟ್ಟಿಗೆ ಗುರಿಯಾಗಿದ್ದೆ.

ಈಗ ಆ ಮೂವರನ್ನು ನಿಮಗೆ ಪರಿಚಯ ಮಾಡಿಸಬೇಕು. ಸಿರಾ ಮೋಟಾರಿನ ಕಂಡಕ್ಟರು ಬಡವನಹಳ್ಳಿಯ ಮೂಡಲಗಿರಿಯಪ್ಪ. ವಯಸ್ಸಿನಲ್ಲಿ ಮೂವರಿಗೂ ಹಿರಿಯ. ಯಾರಾದರೂ ಅರ್ಧ ಮೈಲಿ ದೂರದಲ್ಲಿ ಹೊಲದ ಬದುವಿನ ಮೇಲೆ ಕೈಯೆತ್ತಿದರೆ, ಅವರು ಬಂದು ಸೇರುವವರೆಗೆ ಮೋಟಾರು ನಿಲ್ಲಿಸುತ್ತಿದ್ದ. ಕೆಲವು ಸಲ ಅವರು ಸುಮ್ಮನೆ ಕಾಗೆ ಓಡಿಸಲು ಕೈಯೆತ್ತಿರುತ್ತಿದ್ದರು. ಅವನಿಗೆ ಎಡಗಾಲು ಎಳೆಯುತ್ತಿತ್ತು. ಒಂದು ಸಲ ತುಂಬಿದ ಮೋಟಾರು ಏರಿನಲ್ಲಿ ಹಿಂದಕ್ಕೆ ಜಾರತೊಡಗಿದಾಗ, ಚಕ್ರಕ್ಕೆ ಕಲ್ಲು ಕೊಡಲು ಕೆಳಕ್ಕೆ ಹಾರಿದವನು ಕಲ್ಲಿನ ಜೊತೆ ತನ್ನ ಕಾಲನ್ನೂ ಕೊಟ್ಟಿದ್ದ. ಮೋಟಾರು ನಿಂತಿತು. ಅಂದಿನಿಂದ ಅವನು ನೇಗಿಲು ಹಿಡಿಯುವ ಹಾಗಿರಲಿಲ್ಲ, ಗುದ್ದಲಿ ಎತ್ತುವ ಹಾಗಿರಲಿಲ್ಲ. ಮೋಟಾರಿನ ಮೆಟ್ಟಿಲ ಮೇಲೆ ಒಂದೇ ಕಾಲಿನಲ್ಲಿ ನಿಂತು ಪೀಪಿ ಊದುವ ಕೆಲಸವೊಂದೇ ಅವನಿಗೆ ಉಳಿದದ್ದು. ಖಾದರ್ ಸಾಬಿ ಸಿರಾದವನು, ಅಚ್ಚುಕಟ್ಟಿನ ಮನುಷ್ಯ. ಮೋಟಾರು ಹೊರಡುವ ಹೊತ್ತಿಗೆ ಸ್ವಂತ ಭಾವನೇ ಓಡಿಬಂದರೂ ಪೀಪಿ ಊದಿಬಿಡುವವನು. ಹಾಗೆ ಒಮ್ಮೆ ನಿಜವಾಗಿಯೂ ಭಾವನನ್ನು ಚನ್ನರಾಯನದುರ್ಗದ ಹಾದಿಯಲ್ಲಿ ಬಿಟ್ಟುಬಂದು ಆರು ತಿಂಗಳು ಆ ಮನೆಗೆ ಹೋಗಲು ಮುಖವಿಲ್ಲದೆ ಕೂತಿದ್ದ. ಸಂಸಾರ ಮಧುಗಿರಿಯಲ್ಲೇ, ಮನೆಯಲ್ಲಿ ಐವರು ಹೆಣ್ಣುಮಕ್ಕಳು. ಮೂರನೆಯವನು ಪಾವಗಡದ ನರಸಿಂಹುಲು. ಇದ್ದಿಲ ಒಲೆಯ ಕೋಪತಾಪಗಳೆಲ್ಲ ತಿಳಿದವನು ಅವನೊಬ್ಬನೇ. ಅವನ ಮಾತು ತೆಲುಗಿನಲ್ಲಿ ಹೊರಟು ಕನ್ನಡದಲ್ಲಿ ಬಂದು ನಿಲ್ಲುತ್ತಿತ್ತು. ಆಗಷ್ಟೇ ಮದುವೆಯಾಗಿ, ಹೆಂಡತಿ ಬಸುರಿ.

ನಾನು ಒಂದು ಹಾಳೆ ತೆಗೆದುಕೊಂಡು ಮೂರು ಗೆರೆ ಎಳೆದು ನ್ಯಾಯಕ್ಕೆ ಕುಳಿತೆ. ಮೊದಲು ಬಂದವನು ಉಳಿಯಲಿ, ಕೊನೆಗೆ ಬಂದವನು ಹೋಗಲಿ ಎಂಬುದು ಮೊದಲ ನಿಯಮ. ಅದರ ಪ್ರಕಾರ ನರಸಿಂಹುಲು ಹೋಗಬೇಕು. ಅವನನ್ನು ಕರೆದು ಮೆಲ್ಲಗೆ ವಿಚಾರಿಸಿದರೆ, ಸರ್ವೀಸು ಹುಟ್ಟಿದಾಗ ಮೊದಲ ಮೋಟಾರಿಗೆ ನೀರು ಹಾಕಿದವನು ತಾನೇ ಎಂದೂ, ಆಮೇಲೆ ಎರಡು ವರ್ಷ ಹಿಂದೂಪುರದ ಕಡೆ ಹೋಗಿ ಬಂದೆನೆಂದೂ ತಿಳಿಯಿತು. “ಮೊದ್ಲೂ ನೇನೇ ಸಾಮಿ, ಕೊನೇನೂ ನಾನೇ. ಏ ಲೆಕ್ಕಾನಿಕಿ ಹಾಕ್ತೀರೋ ನಿಮ್ಮಿಷ್ಟ” ಎಂದ. ನಿಯಮವನ್ನು ಹೊಡೆದುಹಾಕಿದೆ. ಕಷ್ಟ ಹೆಚ್ಚಿದ್ದವನು ಉಳಿಯಲಿ ಎಂಬುದು ಎರಡನೆಯದು. ಐದು ಹೆಣ್ಣುಮಕ್ಕಳು ಹೆಚ್ಚೋ, ಒಂದು ಕಾಲು ಹೆಚ್ಚೋ, ಬಸುರಿ ಹೆಂಡತಿ ಹೆಚ್ಚೋ? ಇದನ್ನು ತೂಗುವ ತಕ್ಕಡಿ ಮಧುಗಿರಿಯಲ್ಲಿ ಸಿಕ್ಕಲಿಲ್ಲ. ಮೇಲಾಗಿ ಖಾದರ್ ಸಾಬಿಗೆ ಸುಳಿವು ಹತ್ತಿ, ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಟೋಪಿ ಸರಿಮಾಡಿಕೊಂಡು ನಿಂತ. ತನ್ನ ಹೆಣ್ಣುಮಕ್ಕಳ ಲೆಕ್ಕ ಹಾಕಿ ತನ್ನನ್ನು ಉಳಿಸಬಾರದೆಂದೂ, ತನ್ನ ಕೆಲಸ ನೋಡಿ ಉಳಿಸಿದರೆ ಮಾತ್ರ ಉಳಿಯುವುದಾಗಿಯೂ ಹೇಳಿದ. “ಖೈರಾತ್ ಬೇಡ ಸಾಬ್, ಇನ್ಸಾಫ್ ಕೊಡಿ” ಎಂದ. ದಾನ, ನ್ಯಾಯ ಎರಡೂ ನನ್ನ ಹತ್ತಿರ ಇರಲಿಲ್ಲ.

ಸರಿ, ಕೆಲಸವನ್ನೇ ನೋಡೋಣವೆಂದು ಪ್ರಯಾಣಿಕರ ದೂರುಗಳನ್ನು ಹುಡುಕಿ ತೆಗೆದೆ. ಮೂಡಲಗಿರಿಯಪ್ಪ ಎಲ್ಲರಿಗೂ ಕಾಯುತ್ತಾನೆ ಎಂದು ಹನ್ನೊಂದು ದೂರು. ಖಾದರ್ ಸಾಬಿ ಯಾರಿಗೂ ಕಾಯುವುದಿಲ್ಲ ಎಂದು ಹನ್ನೊಂದು ದೂರು. ಬರೆದವರು ಬಹುಮಟ್ಟಿಗೆ ಅವರೇ ಹನ್ನೊಂದು ಜನ. ನರಸಿಂಹುಲುವಿನ ಮೇಲಿನ ದೂರುಗಳೆಲ್ಲ ತೆಲುಗಿನಲ್ಲಿದ್ದವು. ಓದಿಸಿಕೊಳ್ಳೋಣವೆಂದರೆ ನಮ್ಮಲ್ಲಿ ತೆಲುಗು ಓದಬಲ್ಲವನು ನರಸಿಂಹುಲು ಒಬ್ಬನೇ. ಕೊನೆಗೆ ಒಂದೊಂದು ಗುಣಕ್ಕೂ ಅಂಕ ಕೊಟ್ಟು ಕೂಡಿಸಿದೆ. ಮೂವರಿಗೂ ಸಮ ಸಮ ಬಂತು. ಇದು ಸಾಧ್ಯವಿಲ್ಲ ಎಂದು ಮತ್ತೆ ಕೂಡಿಸಿದೆ. ಈ ಸಲ ಮೂವರಿಗಿಂತ ಇದ್ದಿಲ ಒಲೆಗೇ ಹೆಚ್ಚು ಬಂತು. ಅದನ್ನು ಯಾವ ಸಾಲಿನಲ್ಲಿ ಸೇರಿಸಿದ್ದೆನೋ ದೇವರೇ ಬಲ್ಲ.

ಒಂದು ವಾರ ಹೀಗೆ ಕಳೆಯಿತು. ಊಟಕ್ಕೆ ಕುಳಿತರೆ ಸಾರಿಗೆ ಮಜ್ಜಿಗೆ ಕಲಸಿಕೊಳ್ಳುತ್ತಿದ್ದೆ. ನಮ್ಮ ಮನೆಯಾಕೆ ವಿಷಯ ಕೇಳಿ, ಬಡಿಸುತ್ತ ಬಡಿಸುತ್ತಲೇ, “ಆ ಕಾಲು ನೋವಿನವನನ್ನ ಬಿಟ್ಟುಬಿಡೀಂದ್ರೆ, ಪಾಪ. ಮಿಕ್ಕವರು ಹೇಗಾದ್ರೂ ಗೇಯ್ಕೊಂಡು ತಿಂತಾರೆ” ಎಂದಳು. ನನಗೆ ತಲೆಯ ಮೇಲಿನ ಮೂಟೆ ಇಳಿದಂತಾಯಿತು. ಹೋಗಬೇಕಾದವನ ಹೆಸರನ್ನು ಬರೆಯಲು ತಾನೇ ನನಗೆ ಕೈ ಬರದೆ ಇದ್ದದ್ದು? ಉಳಿಯಬೇಕಾದವನ ಹೆಸರು ಬರೆದರೆ ಆಯಿತಲ್ಲ. ಮಿಕ್ಕ ಇಬ್ಬರಲ್ಲಿ ಯಾರು ಎಂಬುದನ್ನು ಯಜಮಾನರೇ ನೋಡಿಕೊಳ್ಳಲಿ, ಸರ್ವೀಸು ಅವರದು, ಪಾಪಪುಣ್ಯವೂ ಅವರದೇ. ಕೈತೊಳೆದು ಬಂದವನೇ ಚೀಟಿ ಬರೆದೆ. ನಾಲ್ಕು ವರ್ಷದ ಕಚೇರಿಯ ಅನುಭವವನ್ನೆಲ್ಲ ಅದರಲ್ಲಿ ಸುರಿದಿದ್ದೆ: ‘ಕೂಲಂಕಷವಾಗಿ ವಿಚಾರ ಮಾಡಲಾಗಿ, ಮೂಡಲಗಿರಿಯಪ್ಪನನ್ನು ಬಿಡತಕ್ಕದ್ದು. ಮಿಕ್ಕ ಇಬ್ಬರ ವಿಷಯ ಯಜಮಾನರ ಚಿತ್ತಕ್ಕೆ ಬಿಟ್ಟದ್ದು.’ ಇನ್ನೊಮ್ಮೆ ಓದಿದೆ. ಬಹಳ ಚೆನ್ನಾಗಿದೆ ಅನ್ನಿಸಿತು. ಅಂದು ಶನಿವಾರ, ಚೀಟಿಯನ್ನು ಯಜಮಾನರಿಗೆ ಕೊಟ್ಟು ಬಂದು ರಾತ್ರಿ ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡೆ.

ಸೋಮವಾರ ಬೆಳಿಗ್ಗೆ ನಾನು ಸರ್ವೀಸಿಗೆ ಹೋಗುವುದು ಸ್ವಲ್ಪ ತಡವಾಯಿತು. ಹೋಗಿ ನೋಡಿದರೆ ಕಲ್ಲಿನ ಮೇಲೆ ಕೂತ ಮೋಟಾರಿನ ಪಕ್ಕದಲ್ಲಿ ಜನ ಸೇರಿದ್ದಾರೆ. ನಡುವೆ ಮೂಡಲಗಿರಿಯಪ್ಪ ಹೆಗಲ ಮೇಲೆ ಹೊಸ ಶಾಲು, ಕತ್ತಿನಲ್ಲಿ ಸೇವಂತಿಗೆ ಹಾರ, ಎರಡು ಕೈಯಲ್ಲಿ ತೆಂಗಿನಕಾಯಿ, ಎಲೆಯಡಿಕೆ ಹಿಡಿದು ನಿಂತಿದ್ದಾನೆ. ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನನಗೆ ಬಹಳ ಸಂತೋಷವಾಯಿತು. ಒಬ್ಬನನ್ನು ಉಳಿಸಿಕೊಂಡದ್ದಕ್ಕೆ ಶಾಲು ಹೊದಿಸುವ ಯಜಮಾನರು ಈ ಸೀಮೆಯಲ್ಲಿ ಬೇರೆ ಎಲ್ಲಿದ್ದಾರೆ ಎಂದು ಮನಸ್ಸಿನಲ್ಲೇ ಹೊಗಳಿದೆ. ನೇರವಾಗಿ ಮೂಡಲಗಿರಿಯಪ್ಪನ ಹತ್ತಿರ ಹೋಗಿ ಬೆನ್ನು ತಟ್ಟಿ, “ಒಳ್ಳೇದಾಯ್ತು ಕಣಯ್ಯ. ಇದು ನಿನಗೆ ಎಂದೋ ಆಗಬೇಕಾಗಿತ್ತು” ಎಂದೆ.

ಅವನು ನನ್ನನ್ನು ಒಂದು ಕ್ಷಣ ನೋಡಿದ. ಆಮೇಲೆ ಹಾರವನ್ನು ಸ್ವಲ್ಪ ಸಡಿಲ ಮಾಡಿಕೊಂಡು, “ಎಲ್ಲಾ ನಿಮ್ ಕೈಯಾಗೇ ಆಯ್ತು ಸ್ವಾಮಿ” ಎಂದ. ನಾನು ವಿನಯದಿಂದ, ನನ್ನದೇನಿದೆ, ಎರಡು ಅಕ್ಷರ ಬರೆದೆ ಅಷ್ಟೆ ಎಂದೆ. ಅಲ್ಲಿದ್ದವರೆಲ್ಲ ಯಾಕೆ ಒಮ್ಮೆಲೇ ನೆಲ ನೋಡತೊಡಗಿದರೋ ನನಗೆ ತಿಳಿಯಲಿಲ್ಲ. ಅವನು ಕೊರಳಲ್ಲಿದ್ದ ಪೀಪಿಯನ್ನೂ ಎದೆಯ ಮೇಲಿದ್ದ ಹಿತ್ತಾಳೆ ಬಿಲ್ಲೆಯನ್ನೂ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ಕಾಲೆಳೆಯುತ್ತ ಹೋಗಿ ಸಿರಾ ಮೋಟಾರು ಹತ್ತಿದ. ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ಒಳಗೆ ಹೋಗಿ ಹೆಂಗಸರ ಹಿಂದಿನ ಬೆಂಚಿನಲ್ಲಿ ತೆಂಗಿನಕಾಯಿ ತೊಡೆಯ ಮೇಲಿಟ್ಟುಕೊಂಡು ಕೂತ. ಮೆಟ್ಟಿಲ ಮೇಲೆ ಅವನ ಜಾಗದಲ್ಲಿ ಖಾದರ್ ಸಾಬಿ ಪೀಪಿ ಊದದೆ ಸುಮ್ಮನೆ ನಿಂತಿದ್ದ. ಆ ಮನುಷ್ಯ ಹೊತ್ತು ಮೀರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ ಒಳಗಿನಿಂದ ಮೂಡಲಗಿರಿಯಪ್ಪನೇ, “ಊದ್ಲಾ ಖಾದರು, ಹೊತ್ತಾಯ್ತು” ಎಂದ. ಮೋಟಾರು ಹೋದ ಮೇಲೆ ನನಗೆ ಆ ಬಿಲ್ಲೆಯ ಯೋಚನೆ ಬಂತು. ಉಳಿದವನು ಬಿಲ್ಲೆ ಯಾಕೆ ಕೊಟ್ಟ ಎಂದು ನರಸಿಂಹುಲುವನ್ನು ಕೇಳಿದೆ. ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ ಇದ್ದಿಲು ತುಂಬಲು ಹೋದ.

ಒಳಗೆ ಓಡಿದೆ. ಯಜಮಾನರು ಚೀಟಿಯನ್ನು ಮುಂದಿಟ್ಟರು. ಅವರು ಹೇಳಿದ್ದು ಒಬ್ಬರನ್ನು ಬಿಡಬೇಕು ಎಂದು. ನಾನು ಬರೆದದ್ದು ಮೂಡಲಗಿರಿಯಪ್ಪನನ್ನು ಬಿಡತಕ್ಕದ್ದು ಎಂದು. ಮಿಕ್ಕ ಇಬ್ಬರು ಯಾವ ಮೋಟಾರಿಗೆ ಎಂಬುದನ್ನು ಅವರ ಚಿತ್ತಕ್ಕೆ ಬಿಟ್ಟಿದ್ದೇನೆ ಎಂದು ಅವರು ಓದಿಕೊಂಡಿದ್ದರು. ನಾನು ಬಿಡುವುದೆಂದರೆ ಮುಟ್ಟದೆ ಬಿಡುವುದು ಎಂದು, ಅವರು ಬಿಡುವುದೆಂದರೆ ಕೆಲಸದಿಂದ ಬಿಡುವುದು ಎಂದು. ತಾವೂ ಎರಡು ದಿನ ಒದ್ದಾಡಿದ್ದಾಗಿ ಹೇಳಿದರು. ಕಾಲು ಕೊಟ್ಟವನನ್ನೇ ಕಳಿಸುವುದೇ ಎಂದು ಊಟ ಸೇರಲಿಲ್ಲವಂತೆ. ಆದರೆ ಕೂಲಂಕಷವಾಗಿ ವಿಚಾರ ಮಾಡಿ ಎಂದು ನಾನು ಬರೆದಿದ್ದರಿಂದ, ತಮಗೆ ತಿಳಿಯದ ಯಾವುದೋ ನ್ಯಾಯ ಅದರಲ್ಲಿ ಇರಬೇಕೆಂದು ಸುಮ್ಮನಾದರಂತೆ. ಕೊನೆಗೆ, ಕಳಿಸುವುದಾದರೂ ಕಾಗದದಲ್ಲಿ ಕಳಿಸಬಾರದು, ಎದುರಿಗೆ ನಿಂತು ತಾಂಬೂಲ ಕೊಟ್ಟು ಕಳಿಸಬೇಕೆಂದು ತಾವೇ ಬಂದರಂತೆ.

ನಾನು ಕನ್ನಡ ಭಾಷೆಯ ಮೇಲೆ ತಪ್ಪು ಹೊರಿಸಿ, ಇರುವ ವಿಷಯ ಹೇಳಿದೆ. ಕೊಟ್ಟ ತಾಂಬೂಲ ಹಿಂದಕ್ಕೆ ಬೇಡುವುದು ನಮ್ಮ ಕಡೆ ಯಾರೂ ಮಾಡುವ ಕೆಲಸವಲ್ಲ. ಆದರೂ ಅವರು ಎದ್ದು ರುಮಾಲು ಸುತ್ತಿಕೊಳ್ಳತೊಡಗಿದರು.

“ನಡೀರಿ, ಬಡವನಳ್ಳಿಗೆ ನಾನೇ ಹೋಗಿ ಕರ್ಕೊಂಡು ಬತ್ತೀನಿ, ನಂಗೇನು ನಾಚ್ಕೆ ಇಲ್ಲ. ಆದ್ರೆ ಒಂದು ಹೇಳ್ಬುಡಿ ರೈಟ್ರೇ. ಮೂಡಲಗಿರಿ ಬಂದ್ರೆ ಹೋಗೋನು ಯಾರು? ಖಾದರನಾ, ನರಸಿಂಹುಲುನಾ? ಈ ಸಲ ಬಾಯಲ್ಲಿ ಹೇಳಿ, ಬರೀಬ್ಯಾಡಿ.”

ಕಿಟಕಿಯಿಂದ ನೋಡಿದೆ. ನರಸಿಂಹುಲು ಮುಖವೆಲ್ಲ ಮಸಿ ಮಾಡಿಕೊಂಡು ಒಲೆಗೆ ಇದ್ದಿಲು ತುಂಬುತ್ತಿದ್ದ. ಖಾದರ್ ಸಾಬಿಯ ಎರಡನೆಯ ಮಗಳು ಅಪ್ಪನಿಗೆಂದು ತಂದ ಬುತ್ತಿಯ ಗಂಟನ್ನು, ಅವನು ಸಿರಾದಿಂದ ಬರುವವರೆಗೆ ಎಲ್ಲಿಡುವುದೆಂದು ತಿಳಿಯದೆ ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆದೆ. ಒಂದು ಹೆಸರೂ ಹೊರಗೆ ಬರಲಿಲ್ಲ. ಯಜಮಾನರು ರುಮಾಲಿನ ಕೊನೆಯನ್ನು ಕೈಯಲ್ಲಿ ಹಿಡಿದು ಕಾದರು. ಆಮೇಲೆ ಅದನ್ನು ನಿಧಾನವಾಗಿ ಬಿಚ್ಚಿ, ಗೂಟಕ್ಕೆ ಹಾಕಿ, ನೊಣ ಕೂತಿದ್ದ ಕುರ್ಚಿಯನ್ನು ಬಿಟ್ಟು ಇನ್ನೊಂದರ ಮೇಲೆ ಕೂತರು.

ನಾಲ್ಕು ದಿನ ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಯಾರು ‘ಬಿಡಿ’ ಎಂದರೂ ಬೆಚ್ಚಿಬೀಳುತ್ತಿದ್ದೆ. ಹೋಟೆಲಿನವನು “ಸ್ವಾಮೇರಿಗೆ ಒಂದು ಕಾಫಿ ಬಿಡಪ್ಪ” ಎಂದಾಗ ಕಾಫಿ ಬರುತ್ತದೋ ಇಲ್ಲವೋ ಎಂದು ಅನುಮಾನವಾಯಿತು. ಐದನೆಯ ದಿನ ತಡೆಯಲಾರದೆ ಸಿರಾ ಮೋಟಾರು ಹತ್ತಿ ಬಡವನಹಳ್ಳಿಯಲ್ಲಿ ಇಳಿದೆ. ಹುಡುಕುವ ಶ್ರಮವೇ ಇರಲಿಲ್ಲ. ಮೋಟಾರು ನಿಲ್ಲುವ ಹುಣಸೆಮರದ ಕೆಳಗೇ ಮೂಡಲಗಿರಿಯಪ್ಪ ಕತ್ತಾಳೆ ನಾರು ಮುಂದಿಟ್ಟುಕೊಂಡು ಹಗ್ಗ ಹೊಸೆಯುತ್ತಿದ್ದ. ಅವನ ಬೆರಳುಗಳಿಗೆ ಅದು ಹೊಸ ಕೆಲಸ. ಚರ್ಮ ಅಲ್ಲಲ್ಲಿ ಕಿತ್ತುಬಂದಿತ್ತು. ಮೋಟಾರಿನ ಸದ್ದಿಗೆ ಅವನು ತಲೆಯೆತ್ತಿ, ಹೊಲದ ಕಡೆ ನೋಡಿ, “ತಡ್ಯಪ್ಪ, ಅಲ್ಯಾರೋ ಬತ್ತಾವ್ರೆ” ಎಂದು ಖಾದರ್ ಸಾಬಿಗೆ ಕೂಗಿದ್ದನ್ನು ಕೇಳಿದೆ. ಖಾದರ್ ಸಾಬಿ ಕಾದ.

ನಾನು ಮರದ ಬೇರಿನ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡೆ. ಬಿಡತಕ್ಕದ್ದು ಎಂದರೆ ಉಳಿಸತಕ್ಕದ್ದು ಎಂಬ ಅರ್ಥದಲ್ಲಿ ಬರೆದೆ ಎಂದೆ. ಅವನು ಹೊಸೆಯುವುದನ್ನು ನಿಲ್ಲಿಸದೆ ಕೇಳಿದ. ಆಮೇಲೆ ನಿಧಾನವಾಗಿ ಹೇಳಿದ:

“ನಂಗೊತ್ತಿತ್ತು ಬುಡಿ ಸ್ವಾಮಿ. ಯಜಮಾನ್ರು ಚೀಟಿ ತೋರ್ಸುದ್ರು. ನಂಗೂ ಎಲ್ಡಕ್ಸರ ಬತ್ತದಲ್ಲ, ಅಂಗೂ ಓದ್ದೆ, ಇಂಗೂ ಓದ್ದೆ. ನೀವು ನನ್ನ ಉಳ್ಸೋಕೆ ಬರ್ದಿರೋದು ಅಂತ ಗೊತ್ತಾಯ್ತು.”

ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೆಂಗೇಳಾನ? ನಾನಲ್ಲ ಅಂದ್ರೆ ಇನ್ನೊಬ್ಬ ಯಾರು ಅಂತ ಕೇಳ್ತಿದ್ರು. ಖಾದರು ಅಲ್ಲೇ ನಿಂತಿದ್ದ, ಆ ಪಾವಗಡದೋನೂ ನಿಂತಿದ್ದ. ಅದುನ್ನ ನಾನು ಹೇಳ್ಬೇಕಾ?” ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದ. “ಅದಿರ್ಲಿ, ಒಂದು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ. ಮೂರು ಜನಾನೂ ಅಳ್ದು ಸುರ್ದು ನೋಡುದ್ರಲ್ಲ. ನಾಕನೇವ್ರನ್ನ ಯಾಕೆ ಬುಟ್ರಿ?”

ನಾಲ್ಕನೆಯವರು ಯಾರು ಎಂದೆ. ಅಷ್ಟರಲ್ಲಿ ಸಿರಾ ಕಡೆಯಿಂದ ಬರುತ್ತಿದ್ದ ಒಂದು ಎತ್ತಿನ ಗಾಡಿ ಕಾಣಿಸಿತು. ಮಧುಗಿರಿಗೆ ಹೋಗುವ ಗಾಡಿ ಹತ್ತಿಕೊಳ್ಳಿ, ಮೋಟಾರಿಗಿಂತ ಬೇಗ ಸೇರುತ್ತೀರಿ ಎಂದು ಅವನೇ ಕೈಯೆತ್ತಿ ನಿಲ್ಲಿಸಿದ. ದಾರಿಯುದ್ದಕ್ಕೂ ನಾನು ಆ ನಾಲ್ಕನೆಯವರನ್ನು ಹುಡುಕಿದೆ. ಮಿಲಿಟರಿಗೆ ಹೋದ ಡ್ರೈವರೇ? ಅವನು ತಾನಾಗಿ ಹೋದವನು. ಮಿಕ್ಕ ಡ್ರೈವರುಗಳೇ? ಎರಡು ಮೋಟಾರು, ಇಬ್ಬರು ಡ್ರೈವರು, ಅಲ್ಲಿ ತಕರಾರಿಲ್ಲ. ಯಜಮಾನರೇ? ಸರ್ವೀಸಿನಿಂದ ಯಜಮಾನರನ್ನು ತೆಗೆಯುವ ಪದ್ಧತಿ ಎಲ್ಲಿಯೂ ಇಲ್ಲ. ನನ್ನ ಗೆರೆ ಎಳೆದ ಹಾಳೆಯನ್ನು ಜೇಬಿನಿಂದ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಸರ್ವೀಸಿನಲ್ಲಿ ಇನ್ನು ಯಾರೂ ಇಲ್ಲ ಎಂದು ಖಂಡಿತವಾಯಿತು.

ಮನೆಗೆ ಬಂದು, ಕಾಲು ತೊಳೆಯುತ್ತಲೇ ಹೆಂಡತಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಮೂರು ಮೋಟಾರು ಇದ್ದಾಗ ನಾನು ಮಧ್ಯಾಹ್ನ ಮನೆಗೆ ಎಷ್ಟು ಹೊತ್ತಿಗೆ ಬರುತ್ತಿದ್ದೆ ಎಂದು ಕೇಳಿದಳು. ಮೂರು ಗಂಟೆಗೆ ಎಂದೆ. ಈಗ ಎಷ್ಟು ಹೊತ್ತಿಗೆ ಎಂದಳು. ಹನ್ನೊಂದಕ್ಕೆ ಎಂದೆ. ಬಂದು ಏನು ಮಾಡುತ್ತೀರಿ ಎಂದಳು. ಮಲಗುತ್ತೇನೆ ಎಂದೆ. “ನಿಮಗೆ ನಿಜವಾಗಿಯೂ ಹೊಳೀಲಿಲ್ವೇಂದ್ರೆ?” ಎಂದಳು. ಆಮೇಲೆ ಮೊರ ಎತ್ತಿಕೊಂಡಳು. ಆ ಹೆಚ್ಚಿಗೆ ಉಳಿದ ದಾಳಿಂಬೆಯ ಕಾಳು ನನಗೆ ಆಗ ನೆನಪಾಯಿತು. ಬಚ್ಚಲ ಹೊಸ್ತಿಲ ಮೇಲೆಯೇ ಕೂತೆ.

ನನ್ನಲ್ಲೂ ಸ್ವಲ್ಪ ಮಾನ ಮರ್ಯಾದೆ ಇದೆ ಎಂಬುದನ್ನು ಓದುಗರು ನಂಬಬೇಕು. ಮರುದಿನ ಬೆಳಿಗ್ಗೆ ಒಂದು ಚೀಟಿ ಬರೆದೆ. ಎರಡು ಮೋಟಾರಿಗೆ ರೈಟರ ಅಗತ್ಯ ಅಷ್ಟಾಗಿ ಇಲ್ಲವೆಂದೂ, ಆ ಚೂರು ಕೆಲಸವನ್ನು ಎರಡಕ್ಷರ ಬಲ್ಲ ಮೂಡಲಗಿರಿಯಪ್ಪನೇ ಕೂತಲ್ಲಿ ಕೂತು ಮಾಡಬಲ್ಲನೆಂದೂ, ಅದಕ್ಕೆ ಕಾಲಿನ ಹಂಗಿಲ್ಲವೆಂದೂ ಬರೆಯಬೇಕೆಂದುಕೊಂಡೆ. ಮನಸ್ಸಿನಲ್ಲಿ ಅದು ಒಂದು ಪುಟದಷ್ಟಿತ್ತು. ಕಾಗದದ ಮೇಲೆ ಬರುವಾಗ ಒಂದು ಸಾಲಾಯಿತು: ‘ಕೂಲಂಕಷವಾಗಿ ವಿಚಾರ ಮಾಡಲಾಗಿ, ರೈಟರನ್ನು ಬಿಡತಕ್ಕದ್ದು.’

ಯಜಮಾನರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಹೋದ ಸಲ ತಾವು ತಪ್ಪಾಗಿ ಓದಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಅವರ ಮುಖ ಕರಗಿತು. ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

“ಅಯ್ಯೋ ರೈಟ್ರೇ, ಇದುಕ್ಕೆ ಚೀಟಿ ಯಾಕೆ ಬರೀತೀರಿ? ನಿಮ್ಮನ್ನ ಯಾರು ಮುಟ್ತಾರೆ? ನೀವು ಹೆದರ್ಕಬ್ಯಾಡಿ, ಬಿಟ್ಟಿದ್ದೀನಿ ಬಿಡಿ” ಎಂದರು.

ನಾನು ಬಾಯಿ ತೆರೆದೆ. ಈ ಸಲ ಹೇಳಬೇಕಾದ ಹೆಸರು ಒಂದೇ ಇತ್ತು, ಅದೂ ಹುಟ್ಟಿದಾಗಿನಿಂದ ಬಾಯಿಪಾಠವಾದದ್ದು. ಹೊರಗೆ ಖಾದರ್ ಸಾಬಿ ಪೀಪಿ ಊದಿದ. ನಾನು ಯಜಮಾನರಿಗೆ ನಮಸ್ಕಾರ ಮಾಡಿ ನನ್ನ ಕುರ್ಚಿಗೆ ಹೋಗಿ ಕೂತೆ. ಮೇಜಿನ ಮೇಲೆ ಆ ಹಿತ್ತಾಳೆ ಬಿಲ್ಲೆ ಇನ್ನೂ ಇತ್ತು, ಅದನ್ನು ಖಾನೆಯೊಳಗೆ ಹಾಕಿದೆ. ಅಷ್ಟು ಪೆಟ್ಟು ತಿಂದ ಮೇಲೂ ಬೇರೆ ಪದ ಸಿಕ್ಕಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಮನೆಯಾಕೆಯೂ ಕೇಳಿದಳು. ನಾಲ್ಕು ವರ್ಷ ಕಚೇರಿಯಲ್ಲಿ ಬರೆದ ಕೈ, ಅದಕ್ಕೆ ಬೇರೆ ಬರುವುದಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿ, “ಬಿಡಿ” ಎಂದಳು. ಅದನ್ನು ಅವಳು ಯಾವ ಅರ್ಥದಲ್ಲಿ ಹೇಳಿದಳೋ ನಾನು ಕೇಳಲಿಲ್ಲ.